ಟ್ರೇಲರಿನೊಳಗಿನ ಊದು

ನನ್ನ ಗಂಡನಿಗೆ ಟ್ರೇಲರಿನ ಹುಚ್ಚು ಹಿಡಿದದ್ದು ಅಕ್ಟೋಬರ್ ಕೊನೆಯಲ್ಲಿ. ಬುದ್ಧಿ ನೆಟ್ಟಗಿರುವವರು ತಮ್ಮ ಟ್ರೇಲರಿಗೆ ಟಾರ್ಪಾಲು ಹೊದಿಸಿ ಬೇಸಿಗೆಯವರೆಗೆ ಮರೆತುಬಿಡುವ ಕಾಲ ಅದು. ಅಮೆರಿಕದ ಮಿಶಿಗನ್‌ನ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಮ್ಮ ಮನೆಯಿಂದ ಎರಡು ಮೈಲಿ ಆಚೆ ಒಬ್ಬ ಮುದುಕ ಹದಿನೇಳು ಅಡಿಯ ಹಳೇ ಟ್ರೇಲರೊಂದನ್ನು ಮನೆ ಮುಂದೆ ಮಾರಾಟಕ್ಕಿಟ್ಟಿದ್ದ. ವ್ಯಾನಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಗಾಲಿಮನೆ ಅದು. ಒಂದು ಮಂಚ, ಮಡಚುವ ಮೇಜು, ಎರಡು ಬರ್ನರಿನ ಗ್ಯಾಸ್ ಒಲೆ, ಅಂಗೈಯಗಲದ ಸಿಂಕು. ನಾನು ಬೇಡ ಅಂದೆ. ನಾನು ಬೇಡ ಅಂದದ್ದೆಲ್ಲ ನಮ್ಮ ಮನೆಗೆ ಬಂದೇ ಬರುತ್ತದೆ.

ಮುದುಕನ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದಳಂತೆ. ಒಬ್ಬನೇ ಎಲ್ಲಿಗೆ ಹೋಗಲಿ ಅಂದ. ಅವಳು ಹೊಲಿದ ಹಳದಿ ಪರದೆಗಳು ಕಿಟಕಿಯಲ್ಲಿ ಹಾಗೇ ಇದ್ದವು. ಮನೆಗೆ ತಂದ ಮೇಲೆ ಒಳಗೆಲ್ಲ ಒರೆಸುವಾಗ ಡ್ರಾಯರಿನ ಮೂಲೆಯಲ್ಲಿ ಒಂದು ಬಾಚಣಿಗೆ ಸಿಕ್ಕಿತು. ಅದರ ಹಲ್ಲುಗಳಲ್ಲಿ ಉದ್ದನೆಯ ಬಿಳಿ ಕೂದಲು ಸುತ್ತಿಕೊಂಡಿತ್ತು. ನಾನು ಅದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ, ಸೋಪಿನಲ್ಲಿ ಎರಡು ಸಲ ಕೈ ತೊಳೆದೆ. ಯಾರಿಗೂ ಹೇಳಲಿಲ್ಲ.

ಅತ್ತೆ ಆಗ ಧಾರವಾಡದಿಂದ ಆರು ತಿಂಗಳಿಗೆಂದು ಬಂದಿದ್ದರು. ಆರು ವರ್ಷದ ನನ್ನ ಮಗಳು ಅವರು ಬಂದ ಮೂರನೇ ದಿನದಿಂದಲೇ ನನ್ನ ಹತ್ತಿರ ಮಲಗುವುದನ್ನು ಬಿಟ್ಟಿದ್ದಳು. ಅವಳ ಜಡೆ, ಅವಳ ತುತ್ತು, ಅವಳ ಕಥೆ ಎಲ್ಲವೂ ಅಜ್ಜಿಯ ಪಾಲು. ಅವಳು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ಅತ್ತೆ ಧಾರವಾಡದ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು, ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು. ನನಗೆ ಹೊಟ್ಟೆಕಿಚ್ಚು. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ, ಆಗ ಇತ್ತು.

ನವೆಂಬರ್ ನಡುವೆ ಮಿಶಿಗನ್‌ನಲ್ಲಿ ಜಿಂಕೆ ಬೇಟೆ ಶುರುವಾಗುತ್ತದೆ. ಮಗಳ ಶಾಲೆಗೂ ರಜೆ, ಗಂಡನ ಪ್ಲಾಂಟಿನಲ್ಲೂ ಅರ್ಧ ಜನ ಬೇಟೆಗೆ ಹೋಗುವುದರಿಂದ ಅಲ್ಲೂ ರಜೆ. ಆ ರಜೆಯಲ್ಲೇ ನಾವು ನಾಲ್ವರೂ ಟ್ರೇಲರ್ ಕಟ್ಟಿಕೊಂಡು ಉತ್ತರಕ್ಕೆ ಹೊರಟೆವು. ದಾರಿಯಲ್ಲೊಂದು ಗ್ಯಾಸ್ ಸ್ಟೇಷನ್ನಿನ ಪಕ್ಕ ಉದ್ದನೆಯ ತೊಲೆಗೆ ಹನ್ನೊಂದು ಜಿಂಕೆಗಳನ್ನು ಸಾಲಾಗಿ ನೇತುಹಾಕಿದ್ದರು. ಗಾಳಿಗೆ ಅವು ನಿಧಾನವಾಗಿ ತಿರುಗುತ್ತಿದ್ದವು. ಒಮ್ಮೆ ಎಲ್ಲವೂ ನಮ್ಮ ಕಡೆಗೆ ಮುಖ ಮಾಡಿದವು.

"ಆರ್ ದೇ ಸ್ಲೀಪಿಂಗ್, ಅಜ್ಜಿ?" ಎಂದು ಮಗಳು ಕೇಳಿದಳು.

ಅತ್ತೆ ಅವಳ ಕಣ್ಣಿನ ಮೇಲೆ ಕೈಯಿಟ್ಟು, "ಹೂಂ ಪುಟ್ಟೀ, ಮಲಗ್ಯಾವ. ನೀನೂ ಮಲಗು," ಅಂದರು.

ಕ್ಯಾಂಪಿನ ಜಾಗದಲ್ಲಿ ನಮ್ಮನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಮರಗಳ ನಡುವೆ ಬರೀ ನಂಬರ್ ಬರೆದ ಗೂಟಗಳು. ಚಳಿಗೆ ಪೈಪು ಒಡೆಯಬಾರದೆಂದು ನಲ್ಲಿಗಳನ್ನು ಆಗಲೇ ಮುಚ್ಚಿದ್ದರು. ಕರೆಂಟೂ ಇಲ್ಲ. ಆಫೀಸಿನ ಹೆಂಗಸು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ ನಾಲ್ಕು ಕಿತ್ತಳೆ ಬಣ್ಣದ ಜಾಕೀಟು ಕೊಟ್ಟಳು. ಇದಿಲ್ಲದೆ ಹೊರಗೆ ಓಡಾಡಬೇಡಿ, ಜಿಂಕೆ ಅಂದುಕೊಂಡು ಹೊಡೆದಾರು ಅಂದಳು. ನೀರು ಬೇಕಾದರೆ ಅರ್ಧ ಮೈಲಿ ನಡೆದು ಅವಳ ಆಫೀಸಿಗೇ ಬರಬೇಕಿತ್ತು. ಟ್ರೇಲರಿನೊಳಗೆ ನಾನು ಸುಮ್ಮನೆ ನಲ್ಲಿ ತಿರುಗಿಸಿದೆ. ಕೆಮ್ಮಿದ ಹಾಗೆ ಸದ್ದು ಮಾಡಿ ಗುಲಾಬಿ ಬಣ್ಣದ ನೀರು ಸುರಿಯಿತು. ಪೈಪಿನಲ್ಲಿ ಹಿಮಗಟ್ಟದಿರಲಿ ಎಂದು ಮುದುಕ ತುಂಬಿಸಿಟ್ಟಿದ್ದ ದ್ರಾವಣ ಅದು, ಗಾಬರಿ ಬೇಡ ಎಂದು ಗಂಡ ನಕ್ಕ. ಅತ್ತೆ ನಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಸಿಂಕನ್ನೇ ನೋಡುತ್ತ ನಿಂತರು.

ಟ್ರೇಲರಿನ ಹೀಟರಿನ ಫ್ಯಾನು ತಿರುಗಿ ತಿರುಗಿ ಬೆಳಗಿನೊಳಗೆ ಬ್ಯಾಟರಿಯನ್ನು ಕುಡಿದುಹಾಕಿತು. ಎದ್ದಾಗ ಹೊರಗೆ ಫ್ಯಾರನ್‌ಹೀಟಿನ ಇಪ್ಪತ್ತೆರಡು ಡಿಗ್ರಿ, ನಮ್ಮೂರ ಲೆಕ್ಕದಲ್ಲಿ ಸೊನ್ನೆಗಿಂತ ಐದಾರು ಕೆಳಗೆ, ಕಿಟಕಿ ಗಾಜಿನ ಒಳಮೈಗೆ ಹಿಮ. ಗಂಡ ಜಾಕೀಟು ಹಾಕಿಕೊಂಡು ಬ್ಯಾಟರಿ ರಿಪೇರಿಗೆ ಹೊರಗೆ ಹೋದ. ನಾನು ಸೆರಗು ಸಿಕ್ಕಿಸಿ ಕೆಲಸಕ್ಕಿಳಿದೆ. ಚಾವಣಿಯ ಗಾಳಿಕಿಂಡಿಗೆ ಅತ್ತೆಯ ಹಳೇ ಸೀರೆಯ ತುಂಡು ತುರುಕಿದೆ. ಕಿಟಕಿಗಳ ಅಂಚಿಗೆಲ್ಲ ಅಗಲದ ಟೇಪು ಬಡಿದೆ. ಮಗಳಿಗೆ ಚಳಿ ಆಗಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಆಮೇಲೆ ಒಲೆ ಹಚ್ಚಿ ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟೆ.

ಸಾಸಿವೆ ಸಿಡಿಯಿತು, ಮೆಣಸಿನಕಾಯಿ ಬಿತ್ತು, ಗೋಡೆಯ ಮೇಲಿನ ಹೊಗೆಯ ಅಲಾರಂ ಕಿರುಚತೊಡಗಿತು.

ಅಮೆರಿಕದಲ್ಲಿ ಸಂಸಾರ ಮಾಡಿದ ಯಾವ ಕನ್ನಡದ ಹೆಂಗಸಿಗೂ ಇದು ಹೊಸತಲ್ಲ. ಅಪಾರ್ಟ್‌ಮೆಂಟಿಗೆ ಕಾಲಿಟ್ಟ ಮೊದಲ ವಾರವೇ ನಾವು ಕಲಿಯುವ ವಿದ್ಯೆ ಇದು. ಒಗ್ಗರಣೆ ಹಾಕುವ ಮುಂಚೆ ಕುರ್ಚಿ ಹತ್ತಿ ಅಲಾರಮಿನ ಬ್ಯಾಟರಿ ತೆಗೆ, ಊಟವಾದ ಮೇಲೆ ನೆನಪಾದರೆ ಹಾಕು. ನಾನು ಒಂದು ಕೈಯಲ್ಲಿ ಸೌಟು ಹಿಡಿದು, ಇನ್ನೊಂದು ಕೈಯಲ್ಲಿ ಮುಚ್ಚಳ ತೆರೆದು, ಚೌಕದ ಬ್ಯಾಟರಿಯನ್ನು ಕಿತ್ತು ಸ್ವೆಟರಿನ ಜೇಬಿಗೆ ಹಾಕಿಕೊಂಡೆ. ಅದು ಹೊಗೆಗೆ ಮಾತ್ರವಲ್ಲ, ಕಣ್ಣಿಗೆ ಕಾಣದ ವಿಷಗಾಳಿಗೂ ಕೂಗುವ ಅಲಾರಂ ಎಂದು ಅದರ ಮೇಲೇ ಬರೆದಿತ್ತು. ಓದಲಿಲ್ಲ. ಮದುವೆಗೆ ಮುಂಚೆ ಎರಡು ವರ್ಷ ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸಿದವಳು ನಾನು. ಕಿಂಡಿ ಮುಚ್ಚಿದ ಕೋಣೆಯಲ್ಲಿ ಒಲೆ ಉರಿದರೆ ಯಾವ ಅನಿಲ ಬರುತ್ತದೆಂದು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಉಪ್ಪಿಟ್ಟು ತಿಂದ ಮೇಲೂ, ಬೆಚ್ಚಗಿರಲಿ ಎಂದು ಒಲೆಯನ್ನು ಸಣ್ಣಗೆ ಉರಿಯಲು ಬಿಟ್ಟೆ.

ಹೊರಗೆ ಕಾಡಿನಲ್ಲಿ ಬಂದೂಕಿನ ಸದ್ದು ಬಿಟ್ಟೂ ಬಿಟ್ಟೂ ಬರುತ್ತಿತ್ತು. ಹನ್ನೊಂದರ ಹೊತ್ತಿಗೆ ಮಗಳು ತಲೆನೋವು ಅಂದಳು. ನನಗೂ ತಲೆ ಭಾರ. ಚಳಿಗೆ ಎಂದು ಇನ್ನಷ್ಟು ಹೊದಿಸಿದೆ. ಆಗ ಮಂಚದ ಪಕ್ಕದ ಗೋಡೆಗೆ ಹೊರಗಿನಿಂದ ಯಾರೋ ಮೂರು ಸಲ ಬಡಿದರು. ಗಂಡನೇ ಎಂದು ಪರದೆ ಸರಿಸಿದೆ. ಗಂಡ ಮೂವತ್ತು ಹೆಜ್ಜೆ ಆಚೆ ವ್ಯಾನಿನ ಬಾನೆಟ್ಟಿಗೆ ಬಗ್ಗಿ ನಿಂತಿದ್ದ. ಗೋಡೆಯ ಪಕ್ಕದ ಎಳೆ ಹಿಮದ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ.

ಅತ್ತೆ ಮೇಜಿನ ಆ ತುದಿಯನ್ನೇ ನೋಡುತ್ತಿದ್ದರು.

"ಅಲ್ಲೊಬ್ಬಾಕಿ ಕೂತಾಳ ನೋಡವಾ," ಅಂದರು, ಪಕ್ಕದ ಮನೆಯವರ ಸುದ್ದಿ ಹೇಳುವಷ್ಟು ಸಲೀಸಾಗಿ. "ಮುದುಕಿ. ಕೂದ್ಲಾ ಹಿಕ್ಕೋತ ಕೂತಾಳ. ಮುಂಜಾನಿಂದ ನೋಡ್ಲಿಕ್ಹತ್ತೀನಿ."

ಬಾಚಣಿಗೆಯ ಸಂಗತಿ ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಮಗಳು ಕಣ್ಣು ಮುಚ್ಚಿಕೊಂಡೇ, "ಶೀ ಈಸ್ ನೈಸ್," ಅಂದಳು.

"ಅತ್ತೆ, ಮಗು ಮುಂದೆ ಏನೇನೋ ಮಾತಾಡ್ಬೇಡಿ!" ಎಂದು ನಾನು ರೇಗಿದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

ಅತ್ತೆಗೆ ದಿಗಿಲಿರಲಿಲ್ಲ, ಅವರ ಹತ್ತಿರ ಮದ್ದಿತ್ತು. ಎಲ್ಲಿಗೆ ಹೋದರೂ ಅವರ ಚೀಲದಲ್ಲಿ ಲೋಬಾನದ ಪೊಟ್ಟಣ ಇರುತ್ತಿತ್ತು. ಮನೆಗೆ ಬೇಡದವರು ಹೊಕ್ಕರೆ ಕೆಂಡದ ಮೇಲೆ ಅದನ್ನು ಉದುರಿಸಿ, ಬಾಗಿಲು ಕಿಟಕಿ ಮುಚ್ಚಿ, ಮೂಲೆ ಮೂಲೆಗೂ ಹೊಗೆ ತಾಗಿಸಬೇಕು. ಅದಕ್ಕೆ ಅವರು ಊದು ಹಾಕುವುದು ಅನ್ನುತ್ತಿದ್ದರು. ಗಂಡ ಮಧ್ಯಾಹ್ನ ಬದನೆಕಾಯಿ ಸುಡಲು ಹೊರಗೆ ಇದ್ದಿಲು ಹಚ್ಚಿದ್ದ. "ನಾಕು ಕೆಂಡಾ ಕೊಡ್ರಿ," ಎಂದು ಅತ್ತೆ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ಕೇಳಿದರು.

"ಇಷ್ಟು ಚಿಕ್ಕ ಡಬ್ಬೀಲಿ ಹೊಗೆ ಹಾಕಿದ್ರೆ ಮಗುಗೆ ಕೆಮ್ಮು ಬರುತ್ತೆ, ಖಂಡಿತ ಬೇಡ," ಅಂದೆ. ಒಲೆ ಆಗಲೂ ಉರಿಯುತ್ತಿತ್ತು.

ಮೂರು ಗಂಟೆಗೆ ನಾನೂ ಗಂಡನೂ ನೀರಿಗೆಂದು ಹೊರಟೆವು. ಮಗಳು ಎದ್ದೇಳಲಿಲ್ಲ. ಅಜ್ಜಿಯ ಜೊತೆ ಮಲಗಿರಲಿ ಎಂದು ಬಿಟ್ಟು ಬಂದೆವು. ಆಫೀಸು ತಲುಪುವಷ್ಟರಲ್ಲಿ ನನ್ನ ತಲೆನೋವು ಇಳಿದಿತ್ತು, ಆದರೆ ಕಾಲು ನಡುಗುತ್ತಿತ್ತು. ಆ ಹೆಂಗಸು ನೀರು ತುಂಬಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಒಳಗೆ ಬೆಚ್ಚಗಿಡಲು ಏನು ಉರಿಸುತ್ತಿದ್ದೀರಿ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆಯೇ ನನಗೆ ಆ ಕಪ್ಪು ಬೋರ್ಡು ಕಂಡಿತು. ಅವಳು ಟ್ರಕ್ಕಿನ ಬೀಗದ ಕೈ ಹಿಡಿದು ಆಗಲೇ ಹೊರಗೋಡಿದ್ದಳು.

ಟ್ರೇಲರಿನ ಬಾಗಿಲು ಎಳೆದಾಗ ಬಿಳೀ ಹೊಗೆ ನಿಧಾನವಾಗಿ ಹೊರಗೆ ಬಂತು, ಗುಡಿಯ ವಾಸನೆ. ಕೇಕಿನ ತಟ್ಟೆಯಲ್ಲಿ ಕೆಂಡ. ನಾವು ಅತ್ತ ಹೋಗುತ್ತಲೇ ಅತ್ತೆ ಇಕ್ಕಳದಲ್ಲಿ ತಂದಿಟ್ಟುಕೊಂಡಿದ್ದರು. ಮಗಳು ಅವರ ತೊಡೆಯ ಮೇಲಿದ್ದಳು, ಕತ್ತು ಒಂದು ಕಡೆಗೆ ವಾಲಿತ್ತು, ಕೆನ್ನೆ ಎಂದೂ ಇಲ್ಲದಷ್ಟು ಕೆಂಪಗಿತ್ತು. ಅತ್ತೆ ಕಣ್ಣು ಬಿಟ್ಟುಕೊಂಡೇ ಕೂತಿದ್ದರು. "ಬಾಗಲಾ ತಗೀಬ್ಯಾಡವಾ," ಅಂದರು ತೊದಲುತ್ತ, "ಅಕಿ ಇನ್ನೂ ಹೋಗಿಲ್ಲ."

ಗಂಡ ಮಗಳನ್ನೆತ್ತಿಕೊಂಡು ಓಡಿದ. ಆಫೀಸಿನ ಹೆಂಗಸು ಅತ್ತೆಯನ್ನು ಕಂಕುಳಿಗೆ ಕೈಕೊಟ್ಟು ಎಳೆದಳು. ನಾನು ಒಬ್ಬಳೇ ಒಂದು ಕ್ಷಣ ಒಳಗಿದ್ದೆ. ಆ ಕ್ಷಣದಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಒಲೆ ಆರಿಸಿದೆ. ಪ್ರಾಣಭಯದಿಂದ ಆರಿಸಿದೆನೋ, ಯಾರೂ ನೋಡದಿರಲಿ ಎಂದೋ, ಇಷ್ಟು ವರ್ಷವಾದರೂ ನನಗೆ ನಿಶ್ಚಯವಿಲ್ಲ.

ಆಂಬುಲೆನ್ಸು ಬಂತು. ಆಸ್ಪತ್ರೆಯಲ್ಲಿ ಮಗಳಿಗೂ ಅತ್ತೆಗೂ ಆಮ್ಲಜನಕ ಹಾಕಿದರು. ಮಗಳು ಕಣ್ಣು ಬಿಡಲು ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯ ಬಗ್ಗೆ ಬರೆಯಲಾರೆ. ಅವಳು ಎದ್ದು ಮೊದಲು ಕೇಳಿದ್ದು ಅಜ್ಜಿಯನ್ನು.

ಡಾಕ್ಟರು ಎಲ್ಲ ಬಿಡಿಸಿ ಹೇಳಿದರು. ಗೋಡೆ ಬಡಿದದ್ದು, ಮುದುಕಿ ಕಂಡದ್ದು, ಎಲ್ಲ ಆ ವಿಷಗಾಳಿ ತಲೆಗೇರಿದ್ದರಿಂದ. ತಲೆನೋವು ಯಾವಾಗ ಶುರುವಾಯಿತು ಎಂದು ಕೇಳಿದರು. ನಾನು, "ಮೂರು ಗಂಟೆ ಮೇಲೆ," ಅಂದೆ. ಗಂಡ ಹೊರಗಿದ್ದವನು, ಅವನಿಗೇನು ಗೊತ್ತು. ಅಗ್ನಿಶಾಮಕದವನು ಬಂದು ಅಲಾರಂ ಯಾಕೆ ಕೂಗಲಿಲ್ಲ ಎಂದು ಕೇಳಿದ. ಟ್ರೇಲರ್ ಹಳೇದು, ಕೆಟ್ಟಿರಬೇಕು ಎಂದು ಗಂಡ ಹೇಳಿದ. ನಾನು ತಲೆಯಾಡಿಸಿದೆ. ಬೇಡ ಅಂದರೂ ಕೇಳದೆ ತನ್ನ ತಾಯಿ ಇದ್ದಿಲು ಒಳಗೆ ತಂದಳು ಎಂದು ಅವನು ಅಳುತ್ತಾ ಹೇಳಿದ. ತಾಯಿಯ ಬಗ್ಗೆ ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅಗ್ನಿಶಾಮಕದವನು ಅಷ್ಟನ್ನೂ ಬರೆದುಕೊಂಡ.

ಆಸ್ಪತ್ರೆಯ ಮಂಚದಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. "ನಾ ಕೂಸನ್ನ ಕೊಂದೇ ಬಿಡ್ತಿದ್ನಲ್ಲವಾ," ಅಂದರು.

"ಇಲ್ಲ ಅತ್ತೆ, ಹಾಗೆಲ್ಲ ಅನ್ಕೋಬೇಡಿ, ಮಲಗಿ," ಅಂದೆ. ಅಷ್ಟೇ ಅಂದೆ.

ಅತ್ತೆ ವೀಸಾ ಮುಗಿಯುವ ಮುಂಚೆಯೇ ಊರಿಗೆ ಹೊರಟರು. ಗಂಡನಿಗೆ ದಿನ ಕಳೆದಂತೆ ಇದೊಂದು ತಮಾಷೆಯ ಕಥೆಯಾಯಿತು. ಗೆಳೆಯರ ಮನೆಯಲ್ಲಿ, ಊಟದ ತಟ್ಟೆ ಹಿಡಿದುಕೊಂಡು, "ನಮ್ಮವ್ವ ಅಮೆರಿಕದ ದೆವ್ವಕ್ಕ ಧಾರವಾಡದ ಊದು ಹಾಕಿದ್ಲು," ಎಂದು ಶುರು ಮಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಬೆಳಗಿನಿಂದ ಉರಿದ ಒಲೆಯ ಮಾತು ಆ ಕಥೆಯಲ್ಲಿ ಎಲ್ಲೂ ಬರುತ್ತಿರಲಿಲ್ಲ. ಹೇಳಿದ್ದರೆ ಗಂಡ ಬೈಯುತ್ತಿದ್ದ, ಮರೆಯುತ್ತಿದ್ದ. ಅವನ ಭಯ ನನಗಿರಲಿಲ್ಲ. ಮಗಳು ಮತ್ತೆ ನನ್ನ ಹತ್ತಿರ ಮಲಗತೊಡಗಿದ್ದಳು.

ಮೂರು ವರ್ಷದ ಮೇಲೆ ಮಗ ಹುಟ್ಟಿದ. ಬಾಣಂತನಕ್ಕೆ ಬನ್ನಿ ಎಂದು ಎಷ್ಟು ಕರೆದರೂ ಅತ್ತೆ ಬರಲಿಲ್ಲ. ಎಂಟು ತಿಂಗಳ ಮಗನನ್ನು ಎತ್ತಿಕೊಂಡು ನಾವೇ ಧಾರವಾಡಕ್ಕೆ ಹೋದೆವು. ಮೈದುನನ ಮನೆಯ ಬಾಗಿಲಲ್ಲಿ ಆರತಿ ಆಯಿತು, ಮನೆ ತುಂಬ ಜನ. ಮಗ ಯಾರ ಹತ್ತಿರವೂ ಹೋಗದವನು, ಅತ್ತೆಯನ್ನು ಕಂಡು ಎರಡೂ ಕೈ ಚಾಚಿದ. ನಾನು ಅವನನ್ನು ಮುಂದಕ್ಕೆ ಹಿಡಿದೆ.

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಬ್ಯಾಡವಾ," ಅಂದರು. "ನನ್ನ ಕೈಯಾಗ ಕೊಡಬ್ಯಾಡ. ಒಮ್ಮೆ ಆಗಿದ್ದು ಸಾಕು."

ಎಲ್ಲರೂ ನನ್ನ ಕಡೆ ನೋಡಿದರು. ಒಲೆಯ ಮಾತು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. "ಪ್ರಯಾಣದ ಆಯಾಸ, ಆಮೇಲೆ ಎತ್ಕೊಂಡ್ರಾಯ್ತು ಬಿಡಿ," ಎಂದು ಮಗನನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದೆ. ಅಲ್ಲಿದ್ದ ಹದಿನೆಂಟು ದಿನವೂ ಅವರು ಮಗುವನ್ನು ದೂರ ಕೂತೇ ಆಡಿಸಿದರು. ಹದಿನೆಂಟು ದಿನವೂ ನಾನು ನೋಡುತ್ತಾ ಸುಮ್ಮನಿದ್ದೆ.