ಎಡಗೈಯಲ್ಲಿ ನೆಟ್ಟ ಹದಿನೆಂಟು ತುಣುಕು

1986ರ ಮಾರ್ಚ್ 11, ಮಂಗಳವಾರ, ಮಿರಜದ ಒಂದು ಆಸ್ಪತ್ರೆಯಲ್ಲಿ ನನ್ನ ಅವ್ವನ ಕುತ್ತಿಗೆಯಿಂದ ನಾಲ್ಕು ಗ್ರಂಥಿಗಳನ್ನು ತೆಗೆದರು. ತೊಗರಿಕಾಳಿನಷ್ಟು ಇರಬೇಕಾದವು ಶೇಂಗಾಬೀಜದಷ್ಟು ಬೆಳೆದಿದ್ದವು. ಅವುಗಳಲ್ಲಿ ಒಂದನ್ನು ಸಣ್ಣಗೆ ಕತ್ತರಿಸಿ, ಹದಿನೆಂಟು ತುಣುಕು ಮಾಡಿ, ಎಡ ಮುಂಗೈಯ ಮಾಂಸದೊಳಗೆ ಇಟ್ಟು ಹೊಲಿದರು.

ರಕ್ತದಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಎಷ್ಟಿರಬೇಕು ಎಂಬುದನ್ನು ಆ ಗ್ರಂಥಿಗಳು ನಿರ್ಧರಿಸುತ್ತವೆ. ಅವ್ವನಲ್ಲಿ ಅವು ಅತಿಯಾಗಿ ಕೆಲಸ ಮಾಡಿ ಎಲುಬಿನ ಸುಣ್ಣವನ್ನೆಲ್ಲ ರಕ್ತಕ್ಕೆ ಎಳೆದಿದ್ದವು. ಎರಡು ಸಲ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು, ಒಮ್ಮೆ ಬಾವಿಕಟ್ಟೆ ಹತ್ತುವಾಗ ಕಾಲಿನ ಎಲುಬು ಮುರಿದಿತ್ತು. ನಾಲ್ಕನ್ನೂ ತೆಗೆದು ಹಾಗೇ ಬಿಟ್ಟರೆ ಸುಣ್ಣ ಇಳಿಯುತ್ತದೆ. ಕೈಕಾಲು ಸೆಟೆದುಕೊಳ್ಳುತ್ತವೆ, ಗಂಟಲು ಮುಚ್ಚುತ್ತದೆ. ಅದಕ್ಕೇ ಈ ನೆಡುವ ಕೆಲಸ. ಮತ್ತೆ ಅತಿಯಾಗಿ ಬೆಳೆದರೆ ಕುತ್ತಿಗೆ ಕೊಯ್ಯುವ ಬದಲು ಕೈಯಿಂದ ಒಂದಿಷ್ಟು ತೆಗೆಯಬಹುದು.

ನಾವು ಸಾಂಗ್ಲಿ ಪಕ್ಕದ ಹರಿಪುರದ ಜೈನರು. ಅರಿಶಿನ, ಕಬ್ಬು ಬೆಳೆಯುವ ಮನೆ. ಅಪ್ಪ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಗುಮಾಸ್ತರಾಗಿದ್ದರು. ನಾನು ಸಾಂಗ್ಲಿಯ ಒಂದು ಮರಾಠಿ ದೈನಿಕದಲ್ಲಿ ಸುದ್ದಿ ತಿದ್ದುತ್ತಿದ್ದೆ. ಸರ್ಜನ್ನರು ಅಪ್ಪನಿಗೆ ತಿಳಿಯುವ ಮಾತಿನಲ್ಲೇ ಹೇಳಿದರು.

"ಅರಿಶಿನ ಗಡ್ಡಿ ಮುರದ ನೆಡತೀರಲ್ರಿ, ಹಂಗ. ಬೇರು ಹತ್ತಿದ್ರ ಹತ್ತತಾವ. ಹತ್ತಾಕ ಒಂದೆರಡ ತಿಂಗಳರೆ ಬೇಕು. ಅಲ್ಲೀತನಕಾ ದಿನಕ್ಕ ಎಂಟು ಕ್ಯಾಲ್ಸಿಯಂ ಗುಳಿಗಿ."

"ಹತ್ತಲಿಲ್ಲಂದ್ರ ಮತ್ತೊಮ್ಮಿ ನೆಡಾಕ ಬರತೈತಿಲ್ರಿ?" ಅಪ್ಪ ಕೇಳಿದರು.

"ಬೀಜ ಇಲ್ರಿ. ಉಳದ ಮೂರೂ ತಪಾಸಣೆಗೆ ಬಾಟ್ಲಿಗೆ ಹ್ವಾದ್ವು."

ಮಂಚದ ಮೇಲೆ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅವ್ವ ಒಡಕು ದನಿಯಲ್ಲಿ ಅಂದಳು: "ನೆಲದಾಗಿನ ಗಡ್ಡಿ ತಿನಬಾರ್ದಂತ ಹುಟ್ಟಿದಾಗಿಂದ ಬಟಾಟಿ ಮುಟ್ಟಿಲ್ಲ ನಾ. ಈಗ ಮೈಯಾಗಽ ನೆಟ್ಟ ಕಳಸಾಕತ್ತೀರಿ."

ಬಿಡುಗಡೆಯ ದಿನ ಅಥಣಿ ಕಡೆಯ ಒಬ್ಬ ಸಿಸ್ಟರ್ ನಮಗೆ ಒಂದು ಪರೀಕ್ಷೆ ಕಲಿಸಿದರು. ಕಿವಿಯ ಮುಂದೆ, ಗಲ್ಲದ ಮೇಲ್ಭಾಗದಲ್ಲಿ ಬೆರಳಿನಿಂದ ತಟ್ಟಬೇಕು. "ತುಟಿ ತುದಿ ಎಳೀತಂದ್ರ ಸುಣ್ಣ ಇಳದೈತಿ ಅಂತ ತಿಳೀರಿ. ಬಾಯಿ ಸುತ್ತ ಜುಂ ಅಂದ್ರೂ ಅಷ್ಟ. ಹೊತ್ತ ಹಾಕಬ್ಯಾಡ್ರಿ, ಕರಕೊಂಡ ಬರ್ರಿ."

ದಿನಾ ಮುಂಜಾನೆ ಸ್ನಾನವಾದ ಮೇಲೆ ಅಪ್ಪ ತಟ್ಟುತ್ತಿದ್ದರು, ನಾನು ನೋಟುಬುಕ್ಕಿನಲ್ಲಿ ತಾರೀಖು ಹಾಕಿ 'ಹೌದು' ಅಥವಾ 'ಇಲ್ಲ' ಎಂದು ಬರೆಯುತ್ತಿದ್ದೆ. "ಮದವಿ ಆದಾಗಿಂದ ಹೊಳ್ಳಿ ನೋಡಿದವರಲ್ಲ, ಈಗ ದಿನಾ ಗಲ್ಲಾ ಹಿಡ್ಯಾಕ ನಿಂತಾರ," ಎಂದು ಅವ್ವ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ಮೊದಲ ತಿಂಗಳಲ್ಲಿ ಏಳು ಸಲ ತುಟಿ ಎಳೆಯಿತು. ಏಳು ಸಲವೂ ಮಿರಜಕ್ಕೆ ಹೋದೆವು.

ಮನೆಯಲ್ಲಿ ಎಲ್ಲರೂ ಅವ್ವನ ಕೈ ನೋಡುವುದನ್ನು ರೂಢಿ ಮಾಡಿಕೊಂಡೆವು. ಅವಳ ಕೈಯಿಂದ ಸೌಟು ಜಾರಿದರೆ ಎದ್ದು ಹೋಗಿ ನೋಡುತ್ತಿದ್ದೆವು. ಕಚೇರಿಯಲ್ಲಿ ಫೋನ್ ಗಂಟೆ ಹೊಡೆದರೆ ಅದು ಹರಿಪುರದಿಂದಲ್ಲ ಎಂದು ಗೊತ್ತಾಗುವವರೆಗೆ ನಾನು ತಿದ್ದುತ್ತಿದ್ದ ಸಾಲು ಮುಂದೆ ಹೋಗುತ್ತಿರಲಿಲ್ಲ.

ಜೂನ್ ತಿಂಗಳ ರಕ್ತಪರೀಕ್ಷೆ ಚೆನ್ನಾಗಿ ಬಂತು. ಸರ್ಜನ್ನರು ಎಂಟು ಗುಳಿಗೆಯನ್ನು ಆರಕ್ಕೆ ಇಳಿಸಿದರು. ಜುಲೈಯಲ್ಲಿ ನಾಲ್ಕಕ್ಕೆ, ಆಗಸ್ಟಿನಲ್ಲಿ ಎರಡಕ್ಕೆ. "ಹತ್ತ್ಯಾವ್ರಿ," ಎಂದರು. ಅಪ್ಪ ಕಾರ್ಖಾನೆಯ ಕಾಟಾದಲ್ಲಿ ಪೇಢೆ ಹಂಚಿದರು. ಎದುರುಮನೆಯಾಕೆ ಹಾದಿಯಲ್ಲಿ ನಿಂತು, "ಮೊಳಕಿ ಒಡದ್ವೇನ್ರಿ ಅಕ್ಕಾರ?" ಎಂದರೆ ಅವ್ವ, "ಒಡದಾವ. ಒಂದ ತುಣುಕು ನಿನ್ನ ನಾಲಿಗಿಗೆ ನೆಡೂನೇನ?" ಎನ್ನುತ್ತಿದ್ದಳು. ನೋಟುಬುಕ್ಕಿನಲ್ಲಿ ಮೂರು ತಿಂಗಳು ಒಂದೇ ಶಬ್ದ ಇದೆ: ಇಲ್ಲ.

ಸೆಪ್ಟೆಂಬರಿನಲ್ಲಿ ದಶಲಕ್ಷಣ ಪರ್ವ ಬಂತು. ಆ ಹತ್ತು ದಿನ ಅವ್ವ ಒಂದೇ ಹೊತ್ತು ಉಣ್ಣುತ್ತಾಳೆ, ಸೊಪ್ಪು, ತರಕಾರಿ, ಹಸಿರಾದ ಯಾವುದನ್ನೂ ಮುಟ್ಟುವುದಿಲ್ಲ. ಅಪ್ಪ ಮೊದಲೇ ಮಿರಜಕ್ಕೆ ಹೋಗಿ ಕೇಳಿ ಬಂದಿದ್ದರು. ಊಟದ ಜೊತೆ ಎರಡೂ ಗುಳಿಗೆ ನುಂಗಿದರೆ ವ್ರತಕ್ಕೆ ಅಡ್ಡಿಯಿಲ್ಲ ಎಂದು ಒಪ್ಪಿಗೆ ಸಿಕ್ಕಿತ್ತು. ಗುಳಿಗೆ ಒಂದು ದಿನವೂ ತಪ್ಪಲಿಲ್ಲ, ನಾನೇ ನೋಡಿದ್ದೇನೆ. ನಾಲ್ಕನೆಯ ದಿನದಿಂದ ಅಪ್ಪ ತಟ್ಟುವ ಮೊದಲೇ ಅವ್ವ ಬಸದಿಗೆ ಹೊರಟುಬಿಡುತ್ತಿದ್ದಳು. ಪೂಜೆಯ ಗಡಿಬಿಡಿ ಎಂದುಕೊಂಡೆವು. ನೋಟುಬುಕ್ಕಿನಲ್ಲಿ ಆ ದಿನಗಳ ಸಾಲುಗಳು ಖಾಲಿ ಇವೆ.

ಆರನೆಯ ದಿನ, ಶನಿವಾರ, ಸಾಂಗ್ಲಿಯ ಬಸದಿಯಲ್ಲಿ ಅಭಿಷೇಕ ನಡೆದಿತ್ತು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಅವ್ವನ ಎರಡೂ ಕೈಗಳ ಬೆರಳುಗಳು ನೆಟ್ಟಗೆ ಒಂದಕ್ಕೊಂದು ಕೂಡಿ, ಹೆಬ್ಬೆರಳು ಒಳಗೆ ಮಡಿಚಿಕೊಂಡು, ಮಣಿಕಟ್ಟು ಬಾಗಿತು. ಪಕ್ಕದವರು ಧ್ಯಾನಕ್ಕೆ ಕುಳಿತಿದ್ದಾಳೆ ಎಂದು ತಿಳಿದು ಜರುಗಿ ಜಾಗ ಬಿಟ್ಟರು. ಅವಳ ತಂಗಿ, ನಮ್ಮ ಮಾವಶಿ, ಮೊದಲು ಕೂಗಿದಳು. ನಾನು ಹೋಗಿ ಬೆರಳು ಬಿಡಿಸಲು ನೋಡಿದೆ, ಕಟ್ಟಿಗೆಯ ಹಾಗಿದ್ದವು.

ಅಪ್ಪ ತರಿಸಿದ ಕಾರ್ಖಾನೆಯ ಜೀಪಿನಲ್ಲಿ ಮಿರಜಕ್ಕೆ ಹೊರಟೆವು. ದಾರಿಯಲ್ಲಿ ಅವ್ವನ ಉಸಿರಿಗೆ ಸೀಟಿಯಂಥ ಸದ್ದು ಬಂತು. ಏನೋ ಹೇಳಲು ಹೋದಳು, ದನಿ ಹೊರಡಲಿಲ್ಲ. ಅಪ್ಪ ಡ್ರೈವರನ ಹೆಗಲ ಮೇಲೆ ಕೈಯಿಟ್ಟು ಕೂತಿದ್ದರು.

ಆಸ್ಪತ್ರೆಯಲ್ಲಿ ಅದೇ ಸಿಸ್ಟರ್ ಬಲಗೈಯ ನರಕ್ಕೆ ಕ್ಯಾಲ್ಸಿಯಂ ಸೂಜಿ ಹಾಕಿದರು. ಒಬ್ಬ ಡಾಕ್ಟರು ಎದೆಗೆ ಸ್ಟೆಥಾಸ್ಕೋಪು ಹಚ್ಚಿ ಗಡಿಯಾರ ನೋಡುತ್ತ ನಿಂತರು. "ಲಗೂ ಹಾಕ್ರೆಲಾ ಸಿಸ್ಟರ," ಮಾವಶಿ ಅತ್ತಳು. "ಲಗೂ ಹಾಕಿದ್ರ ಎದಿ ನಿಲ್ತೈತ್ರಿ ಅಕ್ಕಾ, ಸುಮ್ಮ ಕುಂದ್ರಿ," ಎಂದರು ಸಿಸ್ಟರ್, ತಲೆ ಎತ್ತದೆ. ಸಿರಿಂಜು ಖಾಲಿಯಾಗಲು ಹತ್ತು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಬೆರಳುಗಳು ಒಂದೊಂದಾಗಿ ಸಡಿಲಾದವು.

ಮಧ್ಯಾಹ್ನ ಸರ್ಜನ್ನರು ಬಂದು ಮಂಚದ ಹತ್ತಿರ ಸ್ಟೂಲು ಎಳೆದುಕೊಂಡರು.

"ಗುಳಿಗಿ ತಪ್ಪಿಸಿದ್ರೇನ್ರಿ?"

"ಇಲ್ರಿ ಸಾಹೇಬ್ರ," ಅಪ್ಪ ಅಂದರು.

"ಮತ್ತ ವ್ರತದಾಗ ಏನೇನ ಬಿಟ್ಟಾರ?"

ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಮಾವಶಿ ಅಂದಳು: "ಎಲಿ ಬಿಟ್ಟಾಳ್ರಿ."

"ಯಾವ ಎಲಿ?"

"ತಿನ್ನು ಎಲಿ. ಎಲಿ, ಸುಣ್ಣ."

ಇದನ್ನು ಇಲ್ಲಿ ವಿವರಿಸಬೇಕು. ಆಪರೇಶನ್ನಿಗೆ ಎರಡು ತಿಂಗಳ ಮೊದಲು ಇದೇ ಸರ್ಜನ್ನರು, ರಕ್ತದಲ್ಲಿ ಮೊದಲೇ ಸುಣ್ಣ ಹೆಚ್ಚಾಗಿದೆ ಎಂದು, ಅವ್ವನಿಗೆ ವೀಳ್ಯದೆಲೆ, ಸುಣ್ಣ ಬಿಡಿಸಿದ್ದರು. ಆಪರೇಶನ್ ಆದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತಿರಲಿಲ್ಲ. ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.

"ಯಾವಾಗಿಂದ ತಿನ್ನಾಕತ್ತೀರಿ ಕಾಕೂ?"

"ಬ್ಯಾಸಗ್ಯಾಗ ಸುರು ಮಾಡೇನ್ರಿ," ಅವ್ವ ಗೋಡೆಗೇ ಹೇಳಿದಳು. "ಬಾಯಿ ಸುತ್ತ ಜುಂ ಅಂತಿತ್ತು. ಒಂದ ಎಲಿ ಸುಣ್ಣಾ ಹಚ್ಚಿ ತಿಂದೆ, ನಿಂತ್ತು. ನೀವು ಗುಳಿಗಿ ಕಡಿಮಿ ಮಾಡಿದಾಗ ಮತ್ತ ಜುಂ ಅಂತು, ಎರಡ ಎಲಿ ಹೆಚ್ಚ ತಿಂದೆ. ಅಡಕಿ ಕಾಚು ಮುಟ್ಟಿಲ್ರಿ. ತುಟಿ ಕೆಂಪಾದ್ರ ಇವರು ಬೈತಾರ."

"ದಿನಕ್ಕ ಎಷ್ಟ?"

"ಹತ್ತ ಹನ್ನೆರಡರೆ ಆಗತಾವ್ರಿ," ಮಾವಶಿ ಅಂದಳು. "ನಾನಽ ತಂದ ಕೊಡತಿದ್ದೆ. ಸುಣ್ಣಾನೂ ದಪ್ಪ ಹಚ್ಚತಾಳ."

"ಜುಂ ಅಂತೈತಿ ಅಂತ ನಮಗ್ಯಾಕ ಹೇಳಲಿಲ್ಲ?"

"ನೀವಽ ಸುಣ್ಣಾ ಬ್ಯಾಡ ಅಂದಿದ್ರಲ್ರಿ."

ಸರ್ಜನ್ನರು ಬೈಯಲಿಲ್ಲ. ಜೂನ್, ಜುಲೈ, ಆಗಸ್ಟಿನ ರಿಪೋರ್ಟುಗಳನ್ನು ಫೈಲಿನಿಂದ ತೆಗೆದು ಮೂರರ ಮೇಲೂ ಪೆನ್ಸಿಲಿನಿಂದ ಗೆರೆ ಎಳೆದರು. "ಇದರಾಗ ಗುಳಿಗೀದು ಎಷ್ಟು, ಎಲೀದು ಎಷ್ಟು, ಕೈಯಾಗಿನ್ದು ಎಷ್ಟು ಅಂತ ಹೇಳಾಕ ಬರೂದಿಲ್ಲ. ಹತ್ತ್ಯಾವ ಅಂತ ನಾ ಹೇಳಿದ್ದು ತಪ್ಪಿರಬಹುದು," ಎಂದರು. ಗುಳಿಗೆ ಮತ್ತೆ ಎಂಟಾಯಿತು. ಎಲೆ ಸುಣ್ಣ ಪೂರ್ತಿ ನಿಂತಿತು.

ತುಣುಕುಗಳು ಬದುಕಿವೆಯೇ ಎಂದು ತಿಳಿಯಲು ಉಳಿದದ್ದು ಒಂದೇ ದಾರಿ. ಅವು ಬದುಕಿದ್ದರೆ ಅವು ಬಿಡುವ ರಸ ಎಡಗೈಯ ನರದಿಂದ ಮೇಲೆ ಹೋಗುತ್ತದೆ. ಅಲ್ಲಿಯ ರಕ್ತದಲ್ಲಿ ಬಲಗೈಗಿಂತ ಅದು ಹೆಚ್ಚಿರಬೇಕು. ಎರಡೂ ಸಮ ಬಂದರೆ ತುಣುಕುಗಳು ಸತ್ತಿವೆ. ಆ ಪರೀಕ್ಷೆ ಮಿರಜದಲ್ಲಿರಲಿಲ್ಲ. ಸೋಮವಾರ ಎರಡೂ ಕೈಯಿಂದ ರಕ್ತ ತೆಗೆದು, ಎರಡು ಬೇರೆ ಶೀಶೆಗಳಿಗೆ ಚೀಟಿ ಅಂಟಿಸಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ರೈಲಿನಲ್ಲಿ ಮುಂಬಯಿಗೆ ಕಳಿಸಿದರು.

ಉತ್ತರ ಬರಲು ಆರು ವಾರ ಹಿಡಿಯಿತು. ಅಲ್ಲಿಯವರೆಗೆ ಅವ್ವ ಯಾರ ಹಾಸ್ಯಕ್ಕೂ ಉತ್ತರ ಕೊಡಲಿಲ್ಲ. ಒಂದು ಮುಂಜಾನೆ ಅಪ್ಪ ಗಲ್ಲ ತಟ್ಟುತ್ತಿದ್ದಾಗ ಅವರ ಕೈ ಹಿಡಿದು ಕೇಳಿದಳು: "ತುಣುಕು ಸತ್ತಿದ್ರ, ಮಳಿಗಾಲದಾಗ ಹೊಳಿ ಏರಿ ಸಾಂಗ್ಲಿ ದಾರಿ ಮುಚ್ಚಿದಾಗ ಗುಳಿಗಿ ತೀರಿದ್ರ ಏನ ಮಾಡತೀರಿ?"

"ಆರ ತಿಂಗಳದ್ದು ತಂದ ಇಡತೇನಿ."

"ಗುಳಿಗಿ ಇದ್ದಾಗೂ ಗಂಟಲಾ ಮುಚ್ಚಿತ್ತು."

ಅಪ್ಪ ಮತ್ತೆ ತಟ್ಟಿದರು. ತುಟಿ ಎಳೆಯಲಿಲ್ಲ. ನಾನು ಬರೆದುಕೊಂಡೆ.

ಅಕ್ಟೋಬರ್ ಕೊನೆಯ ವಾರ ಮುಂಬಯಿಯ ಕಾಗದ ಬಂತು. ಎಡಗೈಯ ರಕ್ತದಲ್ಲಿ ಆ ರಸ ಬಲಗೈಗಿಂತ ಹೆಚ್ಚಿತ್ತು, ಆದರೆ ನಿರೀಕ್ಷೆಯಷ್ಟಿರಲಿಲ್ಲ. ಕೆಲವು ತುಣುಕುಗಳು ಬದುಕಿವೆ, ಎಷ್ಟು ಎಂದು ಕೈ ಕೊಯ್ಯದೆ ಹೇಳಲಾಗದು ಎಂದರು ಸರ್ಜನ್ನರು. ಕೊಯ್ಯುವುದು ಬೇಡ ಎಂದು ನಿರ್ಧಾರವಾಯಿತು.

ಅವ್ವನಿಗೆ ಈಗ ಅರವತ್ತೊಂದು. 1994ರ ಫೆಬ್ರುವರಿಯಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸುಣ್ಣದಂಶ ಇರಬೇಕಾದ ಮಿತಿಯ ಕೆಳಗಂಚಿನಲ್ಲಿತ್ತು. ಎಲೆ ಸುಣ್ಣ ಮುಟ್ಟಿಲ್ಲ, ಎಂಟರ ಬದಲು ದಿನಕ್ಕೆ ಮೂರು ಗುಳಿಗೆ ನುಂಗುತ್ತಾಳೆ.