ಮೂರು ಬೆರಳಿನ ಕೈಗವಸು

1996ರಲ್ಲಿ ನಾನು ಕಿಕ್ಕೇರಿಯ ಒಂದು ಪ್ರೌಢಶಾಲೆಯಲ್ಲಿ ಹೊಲಿಗೆ ಶಿಕ್ಷಕಿಯಾಗಿದ್ದೆ. ವೇಳಾಪಟ್ಟಿಯಲ್ಲಿ ಹೊಲಿಗೆ ಯಾರಿಗೂ ಬೇಡದ ಕೂಸು. ಗಣಿತದವರಿಗೆ ಲೆಕ್ಕ ಮುಗಿಯದಿದ್ದರೆ ನನ್ನ ಪೀರಿಯಡ್ಡು, ವಿಜ್ಞಾನದವರಿಗೆ ಪಾಠ ಉಳಿದರೂ ನನ್ನ ಪೀರಿಯಡ್ಡು. ಕಾಲಿನಲ್ಲಿ ತುಳಿಯುವ ನನ್ನ ಎರಡು ಹೊಲಿಗೆ ಯಂತ್ರಗಳನ್ನು ಆಟದ ಸಾಮಾನಿನ ಕೋಣೆಗೆ ತಳ್ಳಿದ್ದರು. ಈ ವಿಷಯಕ್ಕೆ ನಾನು ಸ್ಟಾಫ್ ರೂಮಿನಲ್ಲಿ ಆಗಾಗ ತಗಾದೆ ತೆಗೆಯುತ್ತಿದ್ದೆ, ಜಗಳಗಂಟಿ ಎಂಬ ಹೆಸರೂ ಬಂದಿತ್ತು. ಆದರೆ ಆ ಚೆಂಡು, ನೆಟ್ಟುಗಳ ನಡುವೆ ಕೂತಿದ್ದರಿಂದಲೇ ನನ್ನ ಇಡೀ ಸರ್ವೀಸಿನಲ್ಲಿ ಅತಿ ಹೆಚ್ಚು ಖುಷಿ ಕೊಟ್ಟ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ದೈಹಿಕ ಶಿಕ್ಷಕರು ನಿಂಗೇಗೌಡರು. ಅದೆಲ್ಲಿಂದಲೋ ನಾಲ್ಕು ಬಿದಿರಿನ ಬಿಲ್ಲು ಹೊಂದಿಸಿಕೊಂಡು ಬಂದು ಮಕ್ಕಳಿಗೆ ಬಿಲ್ಗಾರಿಕೆ ಹೇಳಿಕೊಡಲು ಶುರುಮಾಡಿದ್ದರು. ಒಂದು ಮಧ್ಯಾಹ್ನ ಒಂಬತ್ತನೇ ತರಗತಿಯ ಸವಿತಳನ್ನು ಕರೆದುಕೊಂಡು ಬಂದು ನನ್ನ ಯಂತ್ರದ ಮೇಲೆ ಒಂದು ಚರ್ಮದ ಗ್ಲೋವು ಇಟ್ಟರು. ತೋರು, ನಡು, ಉಂಗುರ, ಈ ಮೂರು ಬೆರಳುಗಳಿಗೆ ಮಾತ್ರ ಟೊಪ್ಪಿಗೆ, ಅಂಗೈ ಹಿಂದೆ ಪಟ್ಟಿ, ಮಣಿಕಟ್ಟಿಗೆ ಪ್ರೆಸ್ ಬಟನ್ನು. ಬಿಲ್ಲಿನ ಹೆದೆಯನ್ನು ಎಳೆಯುವ ಬೆರಳುಗಳು ಅವು ಮೂರೇ.

"ಮೇಡಂ, ಇದೊಸಿ ನೋಡಿ. ಈ ಮಗೀಗೆ ದೊಗಳೆ ಆಯ್ತದೆ" ಅಂದರು.

"ಅಳತೆ ನೋಡಿ ತರಬಾರದಿತ್ತಾ?"

"ಬೆಳಿಯೋ ಮಗ, ಮುಂದ್ಲೊರ್ಸಕ್ಕೂ ಆಯ್ತದೆ ಅಂತ ಮೈಸೂರಿಂದ ದೊಡ್ಡುದೇ ತಂದ್ಬುಟ್ಟೆ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ನಮ್ಮ ಕಡೆ ಮಕ್ಕಳ ಬಟ್ಟೆ ಹೊಲಿಸುವ ರೀತಿಯೇ ಇದು. ಯೂನಿಫಾರಂ ಲಂಗವನ್ನು ಗಿಡ್ಡವಾದಾಗ ಬಿಚ್ಚಿಕೊಳ್ಳಲೆಂದು ಎರಡು ಮಡಿಕೆ ಹಾಕಿಸಿಯೇ ಹೊಲಿಸುತ್ತಾರೆ. ಆದರೆ ಗ್ಲೋವು ಲಂಗವಲ್ಲ. ಸವಿತಳ ಬೆರಳ ತುದಿಯಿಂದ ಮುಂದೆ ಅರ್ಧ ಇಂಚಿಗೂ ಮಿಗಿಲಾಗಿ ಖಾಲಿ ಚರ್ಮ ಜೋಲುತ್ತಿತ್ತು. ಹೆದೆ ಬಿಡುವಾಗ ಆ ಚರ್ಮ ಮಡಚಿಕೊಂಡು ಹೆದೆಗೆ ತಾಗುತ್ತಿತ್ತು, ಬಾಣ ಎಡಕ್ಕೆ ಹೋಗುತ್ತಿತ್ತು.

ಬರಿಗೈಯಲ್ಲಿ ಎಳೆದರೆ ಗುರಿ ಚೆನ್ನಾಗಿತ್ತು. ಆದರೆ ಬೆರಳೆಲ್ಲ ಬೊಬ್ಬೆ. ಮನೆಯಲ್ಲಿ ಎರಡು ಸೀಮೆಹಸು, ಬೆಳಿಗ್ಗೆ ಸಂಜೆ ಹಾಲು ಕರೆದು ಡೈರಿಗೆ ಹಾಕುವುದು ಸವಿತಳ ಪಾಲಿನ ಕೆಲಸ. ಅವಳ ತಾಯಿ ಜಯಮ್ಮ ಶಾಲೆಗೇ ಬಂದು ನಿಂಗೇಗೌಡರಿಗೆ ಖಡಾಖಂಡಿತವಾಗಿ ಹೇಳಿ ಹೋಗಿದ್ದರಂತೆ: "ಇದೊಂದ್ಸಲ ಹೋಗ್ಲಿ ಮೇಷ್ಟ್ರೆ. ಆಯ್ಕೆ ಆಗ್ನಿಲ್ವಾ, ಬಿಲ್ಲು ಮುಟ್ಟಂಗಿಲ್ಲ." ಜಿಲ್ಲಾ ತಂಡದ ಆಯ್ಕೆ ಪಾಂಡವಪುರದಲ್ಲಿ, ಉಳಿದಿದ್ದು ಹನ್ನೊಂದು ದಿನ, ತೆಗೆದುಕೊಳ್ಳುವುದು ನಾಲ್ಕೇ ಹುಡುಗಿಯರನ್ನು. ಹುಡುಗಿ ನನ್ನ ಮುಖ ನೋಡುತ್ತಾ ನಿಂತಿದ್ದಳು. ಅವಳಿಗೆ ಆ ಬಿಲ್ಲಿನ ಮೇಲೆ ಎಂಥ ಪ್ರಾಣವೆಂದು ನೋಡಿದರೇ ತಿಳಿಯುತ್ತಿತ್ತು.

"ಇಷ್ಟೇ ತಾನೇ, ನಾಳೆ ಬಾ" ಅಂದೆ. ಜಂಬ ನೋಡಿ ನನ್ನದು.

ಅವಳ ಅಂಗೈಯನ್ನು ಮೇಜಿನ ಮೇಲೆ ಅಗಲವಾಗಿ ಚಾಚಿಸಿ, ಟೇಪು ಹಿಡಿದು ಬೆರಳಿನ ಉದ್ದ, ಸುತ್ತಳತೆ ಬರೆದುಕೊಂಡೆ. ಟೊಪ್ಪಿಗೆಗಳ ಒಳಮಗ್ಗುಲನ್ನು ಹೊರಗೆ ಮಾಡಿ, ಪಕ್ಕದಲ್ಲಿ ಹೊಲಿಗೆ ಹಾಕಿ, ತುದಿಯಲ್ಲಿ ಮಿಕ್ಕ ಚರ್ಮವನ್ನು ಕತ್ತರಿಸದೆ ಒಳಗೇ ಮಡಚಿಟ್ಟೆ. ನಿಂಗೇಗೌಡರನ್ನು ಬೈದಿದ್ದೆನಲ್ಲ, ನಾನು ಮಾಡಿದ್ದೂ ಅದನ್ನೇ. ಮುಂದೆ ಬಿಗಿಯಾದರೆ ಬಿಚ್ಚಿಕೊಳ್ಳಲಿ ಎಂದು ಮಾರ್ಜಿನ್ ಬಿಟ್ಟಿದ್ದೆ. ಹದಿನಾಲ್ಕು ವರ್ಷ ರವಿಕೆ ಹೊಲಿದ ಕೈ, ತಾನಾಗಿ ಹಾಗೆ ಹೋಯಿತು.

ಮರುದಿನ ಸವಿತ ಗ್ಲೋವು ತೊಟ್ಟಾಗ ಅಳತೆ ಕೊಟ್ಟು ಹೊಲಿಸಿದಂತೆಯೇ ಕಂಡಿತು. ಗೆಣ್ಣು ದಾಟಿಸಲು ಕೊಂಚ ತಿಣುಕಿದಳು, ನಾನು ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಮೈದಾನಕ್ಕೆ ಹೋಗಿ ಮೂವತ್ತು ಮೀಟರಿನ ಗೆರೆಯಲ್ಲಿ ನಿಂತು ಬಾಣ ಬಿಟ್ಟಳು. ಅದು ಗುರಿಯ ಹಲಗೆಯನ್ನೂ ಬಿಟ್ಟು, ಬೇಲಿಯ ಹತ್ತಿರ ಯಾರೋ ಒಣಗಲು ಹಾಕಿದ್ದ ಬೆರಣಿಗೆ ಹೋಗಿ ನೆಟ್ಟಿತು.

"ಒಳ್ಗೆ ಏನೋ ಒತ್ತದೆ ಮೇಡಂ" ಅಂದಳು ಮೆಲ್ಲಗೆ.

ನಿಂಗೇಗೌಡರು ಬೆರಣಿಯ ಕಡೆ ನೋಡಿ, "ಹಸಾ ಏನೂ ಇರ್ಲಿಲ್ವಲ್ಲ, ಬುಡಿ" ಅಂದರು. ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ. ಆಮೇಲೆ ಮೂವರೂ ನಕ್ಕೆವು. ಹುಡುಗಿಯ ನಗು ಮಾತ್ರ ಬೇಗ ನಿಂತಿತು.

ಅವತ್ತು ನಾನು ಪಾಠ ಬಿಟ್ಟು ಮೈದಾನದಲ್ಲೇ ಕೂತೆ. ಬಾಣವಿಲ್ಲದೆ ಬರೀ ಬಿಲ್ಲನ್ನು ಹತ್ತು ಸಲ ಎಳೆಯಲು ಹೇಳಿ, ಪಕ್ಕದಲ್ಲಿ ನಿಂತು ಅವಳ ಬೆರಳನ್ನೇ ನೋಡಿದೆ. ನನ್ನ ಮೇಜಿನ ಮೇಲೆ ನೆಟ್ಟಗೆ ಚಾಚಿದ್ದ ಬೆರಳುಗಳು ಇಲ್ಲಿ ಕೊಕ್ಕೆಯಂತೆ ಬಾಗಿದ್ದವು. ಹೆದೆ ಕೂರುತ್ತಿದ್ದುದು ಮೊದಲ ಗೆಣ್ಣಿನ ಗೆರೆಯಲ್ಲಿ, ಸರಿಯಾಗಿ ನಾನು ಮಡಚಿಟ್ಟ ಚರ್ಮದ ದಿಂಡಿನ ಮೇಲೆ. ಇನ್ನೊಂದು ವಿಷಯವೂ ಆಗ ಕಣ್ಣಿಗೆ ಬಿತ್ತು. ಚಿಕ್ಕಂದಿನಿಂದ ಹಾಲು ಕರೆದೂ ಕರೆದೂ ಅವಳ ಗೆಣ್ಣುಗಳು ದಪ್ಪವಾಗಿದ್ದವು, ಬೆರಳ ತುದಿ ಮಾತ್ರ ಸಣ್ಣ. ಒಂದೇ ಸಮ ಕಿರಿದುಮಾಡಿದರೆ ಗೆಣ್ಣು ತೂರುವುದಿಲ್ಲ, ಗೆಣ್ಣಿಗೆ ತಕ್ಕಂತೆ ಬಿಟ್ಟರೆ ತುದಿ ಸಡಿಲ. ಈ ತೊಡಕಿಗೆ ರವಿಕೆಯಲ್ಲಿ ಉಪಾಯವಿದೆ, ನಾವು ಅದಕ್ಕೆ ಡಾರ್ಟ್ ಅನ್ನುತ್ತೇವೆ. ಎಲ್ಲಿ ಹೆಚ್ಚಿದೆಯೋ ಅಲ್ಲಿ ಮಾತ್ರ ತ್ರಿಕೋನಾಕಾರದಲ್ಲಿ ಹಿಡಿದು ಹೊಲಿಯುವುದು. ಅದು ನೆನಪಾದದ್ದೇ ತಡ, ನನಗೆ ಕುಣಿಯುವಷ್ಟು ಸಂತೋಷವಾಯಿತು.

ಆದರೆ ಬಟ್ಟೆಯಲ್ಲಿ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಚರ್ಮದಲ್ಲಿ ಸೂಜಿ ಹೋದ ತೂತು ಮುಚ್ಚುವುದಿಲ್ಲ. ನನ್ನ ಮೊದಲ ಹೊಲಿಗೆಯ ತೂತುಗಳು ಪುಣ್ಯಕ್ಕೆ ಪಕ್ಕದಲ್ಲಿದ್ದವು. ಇನ್ನೊಂದು ಸಲ ಕೆಡಿಸಿದರೆ ಆ ಗ್ಲೋವು ಕೆಲಸಕ್ಕೆ ಬರುವಂತಿರಲಿಲ್ಲ, ಇದ್ದದ್ದೂ ಅದೊಂದೇ. ಹಳೆಯ ಹೊಲಿಗೆ ಬಿಚ್ಚಿ, ಸವಿತಳಿಗೆ ಗ್ಲೋವು ತೊಡಿಸಿ, ಬಿಲ್ಲು ಎಳೆದು ಹಾಗೇ ಹಿಡಿದುಕೊ ಎಂದು, ಹೆದೆ ಕೂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಬೆರಳ ತುದಿ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೊಂದು ಗೆರೆ. ಆಮೇಲೆ ಕತ್ತರಿ ಕೈಗೆ ತೆಗೆದುಕೊಂಡೆ.

ನಿಂಗೇಗೌಡರು ಗಾಬರಿಯಾದರು. "ಕತ್ತರಿಸ್ಬುಟ್ರೆ ಮುಂದ್ಲೊರ್ಸ ಏನ್ ಮೇಡಂ ಮಾಡದು?"

"ಈ ವರ್ಷ ಆಯ್ಕೆಯಾದರೆ ತಾನೇ ಮುಂದಿನ ವರ್ಷ? ಸುಮ್ಮನೆ ನಿಂತುಕೊಳ್ಳಿ" ಅಂದೆ.

ತುದಿಯ ಹೆಚ್ಚುವರಿ ಚರ್ಮ ಕತ್ತರಿಸಿ ಬಿಸಾಡಿದೆ. ಉಗುರಿನ ಕಡೆ, ಹೆದೆ ತಾಗದ ಜಾಗದಲ್ಲಿ, ಡಾರ್ಟಿನಷ್ಟು ತ್ರಿಕೋನ ಕತ್ತರಿಸಿ ತೆಗೆದು, ಅಂಚಿಗೆ ಅಂಚು ಕೂಡಿಸಿ, ಮೇಣ ಹಚ್ಚಿದ ದಾರದಿಂದ ಕೈಯಲ್ಲೇ ಹೊರಗಡೆಯಿಂದ ಹೊಲಿದೆ. ಒಳಗೆ ಒಂದು ಎಳೆಯಷ್ಟೂ ಮಡಿಕೆ ಉಳಿಯದಂತೆ ನೋಡಿಕೊಂಡೆ. ಮಣಿಕಟ್ಟಿನ ಬಟನ್ನನ್ನು ಮುಕ್ಕಾಲು ಇಂಚು ಒಳಗೆ ತಂದೆ. ಮೂರು ಬೆರಳಿಗೆ ಎರಡು ದಿನ ಹಿಡಿಯಿತು. ನನ್ನ ಮದುವೆಯ ರವಿಕೆಯನ್ನೂ ನಾನು ಅಷ್ಟು ಮುತುವರ್ಜಿಯಿಂದ ಹೊಲಿದುಕೊಂಡಿರಲಿಲ್ಲ.

ಮೊದಲ ಬಾಣ ಹಲಗೆಯ ಒಳಗೆ ಬಿತ್ತು. ಎರಡನೆಯದು ಅದರ ಪಕ್ಕಕ್ಕೆ. ಮೂರನೆಯದು ಬಿಟ್ಟು ಸವಿತ ಹಿಂದಿರುಗಿ ನೋಡಿದಳು. "ಗ್ಲೋವು ಆಕಿರದೇ ಗೊತ್ತಾಯ್ತಿಲ್ಲ ಮೇಡಂ" ಅಂದಳು. ನಿಂಗೇಗೌಡರು ಹೋಟೆಲಿನಿಂದ ನನಗೆ ಕಾಫಿ ತರಿಸಿದರು.

ಆಯ್ಕೆಯ ದಿನ ಪಾಂಡವಪುರಕ್ಕೆ ಹೋಗುವ ಬಸ್ಸಿನಲ್ಲಿ ಜಯಮ್ಮನೂ ಇದ್ದರು. ಹಾಲಿನ ಕೆಲಸಕ್ಕೆ ಅಡ್ಡಿಯೆಂದು ಮಗಳನ್ನು ಬಿಡಿಸಲು ಹೊರಟ ಹೆಂಗಸು ಎಂದು ನನಗೆ ಅವರ ಮೇಲೆ ಒಳಗೊಳಗೇ ಮುನಿಸು. ಕೆ.ಆರ್. ಪೇಟೆಯವರೆಗೂ ಮಾತಾಡಿಸಲಿಲ್ಲ. ಮೈದಾನದಲ್ಲಿ ಅವರು ಗುರಿಯ ಹಲಗೆಯ ಕಡೆ ನೋಡಲೇ ಇಲ್ಲ. ಪ್ರತಿ ಬಾಣಕ್ಕೂ ಮಗಳ ಕೈಯನ್ನೇ ನೋಡುತ್ತಿದ್ದರು. ಮಧ್ಯಾಹ್ನ ಹೆಸರು ಓದಿದರು. ಸವಿತಳ ಹೆಸರು ನಾಲ್ಕನೆಯದು, ಕೊನೆಯದು. ನಿಂಗೇಗೌಡರು ಶಿಳ್ಳೆ ಹೊಡೆದರು, ದೈಹಿಕ ಶಿಕ್ಷಕರ ಸೀಟಿಯಲ್ಲ, ಬಾಯಲ್ಲೇ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನಾನೇನೂ ಮುಚ್ಚಿಡುವುದಿಲ್ಲ.

ಓಡಿ ಬಂದ ಮಗಳ ಬಟನ್ನನ್ನು ಜಯಮ್ಮ ತಾವೇ ಬಿಚ್ಚಿ, ಗ್ಲೋವು ಕಳಚಿ, ಮೂರು ಬೆರಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದರು.

"ನೋಯ್ತದಾ?"

"ಇಲ್ಲ ಕಣವ್ವ."

"ನಿಜ ಯೋಳು."

"ನಿಜ ಕಣವ್ವ, ವಸೀನೂ ಇಲ್ಲ."

ಜಯಮ್ಮ ನನ್ನ ಕಡೆ ತಿರುಗಿದರು. "ಹಾಲು ಯಾರಾದ್ರೂ ಕರ್ಕೋಬೋದು ಮೇಡಂ. ಬೊಬ್ಬೆ ಕೈಲಿ ಕೆಚ್ಚಲು ಮುಟ್ದಾಗ ಇವ್ಳು ಉರಿ ತಡೀನಾರ್ದೆ ತುಟಿ ಕಚ್ಕತಿದ್ಲು. ಕೇಳುದ್ರೆ ಏನೂ ಇಲ್ಲ ಅನ್ನೋಳು. ಅದ ನೋಡಕ್ಕಾಗ್ದೆ ಬಿಲ್ಲು ಬ್ಯಾಡ ಅಂದಿದ್ದೆ. ಇನ್ನೇನಂತೆ, ಕಲೀಲಿ ಬುಡಿ."

ನಾನು ಜಯಮ್ಮನ ಕೈ ಹಿಡಿದುಕೊಂಡೆ. ಅಲ್ಲಿಂದ ಮುಂದೆ ಸರ್ವೀಸು ಮುಗಿಯುವವರೆಗೂ, ಹೊಲಿಗೆ ಕಲಿಯಲು ಬಂದ ಯಾವ ಹುಡುಗಿಗೂ ನಾನು ಮೊದಲ ದಿನ ಟೇಪು ಕೊಡುತ್ತಿರಲಿಲ್ಲ. ಎದುರಿಗಿರುವವರನ್ನು ಕೈ ಎತ್ತಲು, ಬಗ್ಗಲು, ಕೂರಲು ಹೇಳು, ಎಲ್ಲಿ ಹಿಡಿಯುತ್ತದೆ, ಎಲ್ಲಿ ನೋಯುತ್ತದೆ ಎಂದು ಕೇಳು, ಅಳತೆ ಆಮೇಲೆ ತೆಗೆದುಕೊ ಎನ್ನುತ್ತಿದ್ದೆ.