ಅಜ್ಜಿಯ ರೇಡಿಯೊ, ನನ್ನ ಬೆಸುಗೆ

ಸ್ಪೀಕರಿನ ಹರಿದ ತಂತಿಗೆ ಮೂರನೇ ಸಲ ಬೆಸುಗೆ ಹಾಕಿದೆ. ಸೀಸ ಹನಿಯಾಗಿ ಉರುಳಿಹೋಯಿತು. ಹೊಸ ಸೋಲ್ಡರಿಂಗ್ ಕಡ್ಡಿ ಕೊಂಡ ಹುಮ್ಮಸ್ಸಿಗೆ ಅಜ್ಜಿಯ ರೇಡಿಯೊ ಬಿಚ್ಚಿ ಮೂಕವಾಗಿಸಿದ ಮಹಾ ಎಂಜಿನಿಯರ್ ನಾನೇ. ಬೆಟಗೇರಿಯ ನಮ್ಮ ಮನೆಯಲ್ಲಿ ಹಾಡಿಲ್ಲದೆ ಅವಳ ಮಗ್ಗ ಓಡುವುದಿಲ್ಲ.

“ಸರಿಲೇ ಶಾಣ್ಯಾ, ತಂತಿ ಕರ್ರಗ ಆಗೇತಿ. ಹೆಂಗ ಹತ್ತತೈತಿ?” ಅಜ್ಜಿ ಪಕ್ಕಕ್ಕೆ ಬಂದು ಕುಳಿತಳು. ಮಗ್ಗದ ಹೊಸ ಎಳೆಯನ್ನು ಹಳೆಯದಕ್ಕೆ ಹೊಸೆಯುವಾಗ ಬಳಸುವ ಬೂದಿಯನ್ನೇ ಬೆರಳಿಗೆ ಹಚ್ಚಿಕೊಂಡಳು.

“ಮಂತ್ರಾನೂ ಹಾಕ್ತಿ ಏನಬೇ ಅಜ್ಜಿ?”

ಅವಳು ತಂತಿಯ ತುದಿಗಳನ್ನು ತಿಕ್ಕಿ, ಸೆರಗಿನಿಂದ ಒರೆಸಿ, ಎರಡೇ ಬೆರಳಲ್ಲಿ ಒಂದೇ ತಿರುವಿಗೆ ಹೊಸೆದಳು. ತಾಮ್ರ ಹೊಳೆಯಿತು. ಈ ಸಲ ಸೀಸ ನೀರಿನಂತೆ ಹರಿದು ಹಿಡಿಯಿತು. ಬೆಸುಗೆಯ ಹೊಗೆ ಮಗ್ಗದ ಎಳೆಗಳ ನಡುವೆ ತೇಲುತ್ತಿರುವಾಗಲೇ ಹಾಡೊಂದು ನಿದ್ದೆಯಿಂದ ಎದ್ದಂತೆ ಮೆಲ್ಲಗೆ ಮನೆ ತುಂಬಿತು.

ಓಣಿಯವರೆಲ್ಲರ ದನಿ, ನಡಿಗೆ ಥೇಟ್ ಅಣಕಿಸಬಲ್ಲ ನನಗೆ ಅಜ್ಜಿಯ ಆ ಎರಡು ಬೆರಳಿನ ತಿರುವು ಮಾತ್ರ ಇನ್ನೂ ಒಲಿದಿಲ್ಲ.